ಬಾಗಿಲಿಲ್ಲದ ಕೋಟೆ

1997ರಲ್ಲಿ ಮೈಕ್ರೋಸಾಫ್ಟ್‌ನವರು 'ಏಜ್ ಆಫ್ ಎಂಪೈರ್ಸ್' ಅನ್ನೋ ಆಟ ಹೊರತಂದರು. ಈಜಿಪ್ಟ್, ಗ್ರೀಸ್, ಬ್ಯಾಬಿಲೋನ್ ಅಂತ 12 ನಾಗರಿಕತೆಗಳು. ನಾನು ಪುಣೆಗೆ ಬಂದ ಹೊಸತು. ಪಕ್ಕದ ರೂಮಿನವರ ಕಂಪ್ಯೂಟರಿನಲ್ಲಿ ರಾತ್ರಿಯಿಡೀ ಆಡಿದ್ದುಂಟು. ಮರ ಕಡಿ, ಸೈನ್ಯ ಕಟ್ಟು, ನೆರೆಯವನ ಮೇಲೆ ಬೀಳು, ಇಷ್ಟೇ ಆಟ.

ಚಿತ್ರದುರ್ಗದವನಾದ ನನಗೆ ಅದರಲ್ಲೊಂದು ತಕರಾರಿತ್ತು. ಕೋಟೆ ಗೋಡೆ ಕಟ್ಟಬಹುದು, ಬಾಗಿಲು ಮಾತ್ರ ಇಲ್ಲ! ನಮ್ಮವರು ಹೊರಗೆ ಹೋಗಲು ಒಂದು ಕಿಂಡಿ ಬಿಡಬೇಕು. ಕಿಂಡಿ ಬಿಟ್ಟರೆ ಏನಾಗುತ್ತೆ ಅಂತ ದುರ್ಗದವರಿಗೆ ಹೇಳಿಕೊಡಬೇಕಾ? ಒನಕೆ ಹಿಡಿದು ನಿಲ್ಲಲು ಓಬವ್ವನೂ ಇರಲಿಲ್ಲ, ಆ ಆಟದ ಹಳ್ಳಿಗರೆಲ್ಲ ಗಂಡಸರೇ.

1999ರಲ್ಲಿ ಎರಡನೆಯದು ಬಂತು, 'ದಿ ಏಜ್ ಆಫ್ ಕಿಂಗ್ಸ್'. ಕಾಲ ಮಧ್ಯಯುಗ. ಹೆಬ್ಬಾಗಿಲು ಬಂತು, ಹೊಲದಲ್ಲಿ ಹೆಂಗಸರೂ ಬಂದರು. ಗಂಟೆ ಬಾರಿಸಿದರೆ ಎಲ್ಲರೂ ಕಟ್ಟಡದೊಳಗೆ ಓಡಿ ಅಲ್ಲಿಂದಲೇ ಬಾಣ ಬಿಡುತ್ತಾರೆ.

ನನ್ನ ಮನಸ್ಸು ಹಿಡಿದದ್ದು ಮಾರುಕಟ್ಟೆ (ಬಿಕಾಂ ಓದಿದವನ ಹಣೆಬರಹ ಅನ್ನಿ). ಹಳೆಯ ಆಟದಲ್ಲಿ ದೋಣಿಯಲ್ಲಿ ಸರಕು ಒಯ್ದು ಬೇರೆಯವರ ಬಂದರಿನಲ್ಲಿ ಚಿನ್ನ ತರಬೇಕಿತ್ತು. ಹೊಸದರಲ್ಲಿ ಕೂತಲ್ಲೇ ವ್ಯಾಪಾರ. 100 ಧಾನ್ಯ ಮಾರಿದರೆ ಶುರುವಿಗೆ 70 ಚಿನ್ನ, ಅದನ್ನೇ ಕೊಳ್ಳಲು ಹೋದರೆ 130. ನಮ್ಮ ಫಾರಿನ್ ಎಕ್ಸ್‌ಚೇಂಜ್ ಕೌಂಟರಿನ ಎರಡು ದರದ ಹಾಗೆ! ಮಾರುತ್ತಾ ಹೋದಂತೆ ದರ ಇಳಿಯುತ್ತದೆ, ಅದೂ ಆಟದಲ್ಲಿರುವ ಎಲ್ಲರಿಗೂ. 'ಗಿಲ್ಡ್ಸ್' ಅನ್ನೋ ವಿದ್ಯೆ ಕಲಿತರೆ ಕಮಿಷನ್ 30ರಿಂದ 15ಕ್ಕೆ ಬರುತ್ತದೆ. ವರ್ತಕರ ಸಂಘದ ಬಲ ನಮಗೆ ಹೊಸದೇನಲ್ಲ, ಅಯ್ಯಾವೊಳೆ ಐನೂರ್ವರ ಹೆಸರಿನ ಶಾಸನ ಸುಮಾತ್ರಾದ ಬರುಸ್‌ನಲ್ಲೇ ಇದೆ, 1088ರದ್ದು.

ಮಿತ್ರನಿಗೆ ಚಿನ್ನ ಕಳಿಸಿದರೂ 30 ಕಡಿತ. 'ಕಾಯ್ನೇಜ್' ಕಲಿತರೆ 20, 'ಬ್ಯಾಂಕಿಂಗ್' ಕಲಿತರೆ ಸೊನ್ನೆ. ಸರಿ, ಆದರೆ ಆ ಬ್ಯಾಂಕು ಯಾರಿಗೂ ಸಾಲ ಕೊಡುವುದಿಲ್ಲ! ನನಗೆ ಇಲ್ಲೇ ಇತಿಹಾಸ ತಪ್ಪಿತು ಅನ್ನಿಸೋದು. ಇಂಗ್ಲೆಂಡಿನ ಮೂರನೇ ಎಡ್ವರ್ಡ್ ಫ್ರಾನ್ಸಿನ ಮೇಲೆ ಯುದ್ಧ ಮಾಡಿದ್ದು ಬರೀ ಮರ ಕಡಿದು, ಚಿನ್ನ ಅಗೆದು ಅಲ್ಲ. ಫ್ಲಾರೆನ್ಸಿನ ಬಾರ್ಡಿ, ಪೆರುಜ್ಜಿ ಮನೆಗಳಿಂದ ಸಾಲ ಎತ್ತಿದ, ಸರಿಯಾಗಿ ತೀರಿಸಲಿಲ್ಲ. 1340ರ ದಶಕದಲ್ಲಿ ಎರಡೂ ಮನೆ ಮುಳುಗಿದವು. ಕಾರಣ ಅವನೊಬ್ಬನೇ ಅಲ್ಲ ಅನ್ನುತ್ತಾರೆ, ಇರಲಿ. ನಮ್ಮ ಭಾಷೆಯಲ್ಲಿ ಎನ್‌ಪಿಎ. ಆಟದಲ್ಲಿ ಬ್ರಿಟನ್ನರ ಬಿಲ್ಲು ಇದೆ, ಆ ಬಿಲ್ಲಿಗೆ ದುಡ್ಡು ಕೊಟ್ಟವರಿಲ್ಲ.

2019ರಲ್ಲಿ ಅದೇ ಆಟ ಹೊಸ ಬಣ್ಣ ಹಚ್ಚಿಕೊಂಡು ಬಂತು. ಮಗ ಈಗ ಬೇರೆ ಊರಲ್ಲಿದ್ದಾನೆ. ಫೋನಿನಲ್ಲಿ ನಮ್ಮಿಬ್ಬರ ಮಾತು ಎರಡು ನಿಮಿಷಕ್ಕೆ ಮುಗಿಯುತ್ತದೆ, ಭಾನುವಾರದ ಆಟ ಮಾತ್ರ ಎರಡು ಗಂಟೆ. ಮೊನ್ನೆ ನನ್ನ ಚಿನ್ನ ಖಾಲಿಯಾಗಿತ್ತು. ಕೇಳುವ ಮೊದಲೇ 500 ಕಳಿಸಿದ. ಬ್ಯಾಂಕಿಂಗ್ ಕಲಿಯದೆ ಯಾಕೋ ಕಳಿಸಿದೆ, ಕಮಿಷನ್ ದಂಡ ಅಂತ ಬೈದೆ.

"ಇರಲಿ ಬಿಡಿ ಅಪ್ಪ, ಮೊದಲು ಬಾಗಿಲು ಹಾಕ್ಕೊಳ್ಳಿ" ಅಂದ.