ರಿಫಂಡ್‌ಗೆ ಮೊದಲು ‘ಆದಾಯ ದೃಢಪಡಿಸಿ’ ಎಂಬ ಮೇಲ್ ಬಂತೇ? ಡಿಲೀಟ್ ಮಾಡುವ ಮುನ್ನ ಓದಿ

‘ನಿಮಗೆ 15,490 ರೂ. ತೆರಿಗೆ ರಿಫಂಡ್ ಮಂಜೂರಾಗಿದೆ, ಖಾತೆ ಸಂಖ್ಯೆ ಪರಿಶೀಲಿಸಲು ಲಿಂಕ್ ಒತ್ತಿ’ ಎಂಬ ಸಂದೇಶ 2023ರಲ್ಲಿ ಹರಿದಾಡಿತ್ತು. ಅದು ನಕಲಿ ಎಂದು ಪಿಐಬಿ ಫ್ಯಾಕ್ಟ್ ಚೆಕ್ ಆಗಲೇ ತಿಳಿಸಿತ್ತು. ಹಾಗೆಂದು ‘ಆದಾಯ ತೆರಿಗೆಯ ಮೇಲ್‌ಗಳೆಲ್ಲ ಮೋಸ’ ಎಂದು ಫಾರ್ವರ್ಡ್ ಮಾಡುವುದೂ ತಪ್ಪೇ. ನಂಬಿದವರ ರಿಫಂಡ್ ಕೈತಪ್ಪಬಹುದು.

ಇಲಾಖೆ ನಿಜಕ್ಕೂ ವಿವರಣೆ ಕೇಳುತ್ತದೆ. ರಿಟರ್ನ್‌ಗಳನ್ನು ಸಂಸ್ಕರಿಸುವ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲೇ. ಉದಾಹರಣೆಗೆ, ಎಫ್‌ಡಿ ಬಡ್ಡಿಯ ಮೇಲೆ ಬ್ಯಾಂಕ್ ಕಡಿತ ಮಾಡಿದ ಟಿಡಿಎಸ್ ವಾಪಸ್ ಕೇಳಿದ್ದೀರಿ, ಆದರೆ ಆ ಬಡ್ಡಿಯನ್ನೇ ಆದಾಯದಲ್ಲಿ ತೋರಿಸಿಲ್ಲ ಎನ್ನಿ. ಆಗ 1961ರ ಕಾಯ್ದೆಯ 139(9)ನೇ ಸೆಕ್ಷನ್ ಅಡಿ ‘ದೋಷಯುಕ್ತ ರಿಟರ್ನ್’ ನೋಟಿಸ್ ಬರಬಹುದು. ಸರಿಪಡಿಸಲು 15 ದಿನ ಸಮಯ. ಬೇಕಾದರೆ ಹೆಚ್ಚು ಸಮಯ ಕೋರಬಹುದು. ಸುಮ್ಮನಿದ್ದರೆ ರಿಟರ್ನ್ ಅಸಿಂಧುವಾಗಬಹುದು, ಅಂದರೆ ನೀವು ಸಲ್ಲಿಸಿಯೇ ಇಲ್ಲ ಎಂಬ ಲೆಕ್ಕ! ಲೆಕ್ಕದ ತಪ್ಪು ಅಥವಾ ಹೊಂದದ ವಿನಾಯಿತಿ ಕಂಡರೆ 143(1)(ಎ) ಅಡಿ ಕೇಳುತ್ತಾರೆ, ಅದಕ್ಕೆ 30 ದಿನ.

ಅಸಲಿಯೋ ನಕಲಿಯೋ?

ಮೇಲ್‌ನ ಲಿಂಕ್ ಒತ್ತಬೇಡಿ. ಇ-ಫೈಲಿಂಗ್ ಪೋರ್ಟಲ್‌ನ ವಿಳಾಸ ನೀವೇ ಟೈಪ್ ಮಾಡಿ ಲಾಗಿನ್ ಆಗಿ, ‘ಪೆಂಡಿಂಗ್ ಆ್ಯಕ್ಷನ್ಸ್’ ಕೆಳಗಿನ ‘ಇ-ಪ್ರೊಸೀಡಿಂಗ್ಸ್’ ನೋಡಿ. ನಿಜವಾದ ನೋಟಿಸ್ ಅಲ್ಲಿರುತ್ತದೆ, ಉತ್ತರವನ್ನೂ ಅಲ್ಲೇ ಕೊಡಬೇಕು. ನೋಟಿಸ್‌ನಲ್ಲಿರುವ ‘ಡಿನ್’ ಸಂಖ್ಯೆಯನ್ನು ಲಾಗಿನ್ ಇಲ್ಲದೆಯೂ ಪೋರ್ಟಲ್‌ನಲ್ಲಿ ಪರಿಶೀಲಿಸಬಹುದು.

ಕಾರ್ಡ್ ಪಿನ್, ಪಾಸ್‌ವರ್ಡ್‌ಗಳನ್ನು ಇಲಾಖೆ ಮೇಲ್‌ನಲ್ಲಿ ಕೇಳುವುದಿಲ್ಲ. ರಿಫಂಡ್ ಬರುವುದು ಪೋರ್ಟಲ್‌ನಲ್ಲಿ ಮೊದಲೇ ದೃಢೀಕರಿಸಿದ ಬ್ಯಾಂಕ್ ಖಾತೆಗೆ ಮಾತ್ರ.