ಬ್ಯೂನಸ್ ಐರಿಸ್‌ನಿಂದ ಸಾಂಟಿಯಾಗೋಗೆ ಎಷ್ಟು ದೂರ?

ಮೊನ್ನೆ ರಾತ್ರಿ ನಿದ್ದೆ ಬಾರದೆ ಭೂಪಟ ನೋಡ್ತಾ ಕೂತಿದ್ದೆ. ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಿಂದ ಚಿಲಿಯ ಸಾಂಟಿಯಾಗೋಗೆ ನೇರ ಗೆರೆ ಎಳೆದರೆ ಸುಮಾರು 1,140 ಕಿ.ಮೀ. ಜೆಟ್ ವಿಮಾನಕ್ಕೆ ಎರಡು ಗಂಟೆಯ ಆಸುಪಾಸು. ಇದರಲ್ಲೇನಿದೆ ಬರೆಯೋಕೆ ಅಂತೀರಾ? ಇದೆ. ಹೋಗುವಾಗ ಹಿಡಿಯುವ ಸಮಯ ಸಾಮಾನ್ಯವಾಗಿ ಬರುವಾಗಿನದಕ್ಕಿಂತ ಹೆಚ್ಚು. ದೂರ ಅಷ್ಟೇ, ವಿಮಾನವೂ ಅದೇ. ಕಾರಣ, ಆಂಡೀಸ್ ಪರ್ವತಗಳ ಮೇಲೆ ಪಶ್ಚಿಮದಿಂದ ಬೀಸುವ ಗಾಳಿ.

1929ರಲ್ಲಿ ಏರೋಪೋಸ್ಟಾಲ್ ಎಂಬ ಫ್ರೆಂಚ್ ಕಂಪನಿ ಇಲ್ಲಿ ಟಪಾಲು ವಿಮಾನ ಶುರು ಮಾಡಿತು. ಮಾರನೇ ವರ್ಷ ಜೂನ್‌ನಲ್ಲಿ, ಅಂದರೆ ಅಲ್ಲಿನ ಚಳಿಗಾಲದಲ್ಲಿ, ಅದರ ಪೈಲಟ್ ಗಿಯೋಮೆ ಹಿಮದಲ್ಲಿ ಬಿದ್ದು ಐದು ದಿನ ನಡೆದೇ ಬದುಕಿ ಬಂದ. ಆ ಕಥೆಯನ್ನು ಅವನ ಗೆಳೆಯ ಸೇಂಟ್-ಎಕ್ಸೂಪೆರಿ ಬರೆದಿದ್ದಾನೆ, ಬಿಡಿ.

ನನ್ನನ್ನು ಕಾಡಿದ್ದು 1947ರ ಆಗಸ್ಟ್ 2. 'ಸ್ಟಾರ್ ಡಸ್ಟ್' ಎಂಬ ಬ್ರಿಟಿಷ್ ವಿಮಾನ 11 ಜನರನ್ನು ಹೊತ್ತು ಬ್ಯೂನಸ್ ಐರಿಸ್ ಬಿಟ್ಟಿತು. ಮೋಡ ತಪ್ಪಿಸಲು 24,000 ಅಡಿಗೆ ಏರಿತು. ಸಂಜೆ 5:41ಕ್ಕೆ, ಇನ್ನು ನಾಲ್ಕೇ ನಿಮಿಷದಲ್ಲಿ ಸಾಂಟಿಯಾಗೋ ಅಂತ ಮೋರ್ಸ್ ಸಂದೇಶ ಕಳಿಸಿತು. ಕೊನೆಯಲ್ಲಿ 'ಸ್ಟೆಂಡೆಕ್' ಅನ್ನೋ ಅರ್ಥವಾಗದ ಪದ. ಮತ್ತೆ ಕೇಳಿದರೆ ಮತ್ತೆ ಅದೇ. ಆಮೇಲೆ ಮೌನ. ಐವತ್ತು ವರ್ಷ ಜನ ಹಾರುವ ತಟ್ಟೆಯ ತನಕ ಕಥೆ ಕಟ್ಟಿದರು. ನಾನೂ ಹುಡುಗನಾಗಿದ್ದಾಗ ಅಂಥದ್ದನ್ನು ಬಾಯಿ ಬಿಟ್ಕೊಂಡು ಓದಿದವನೇ!

1998ರಲ್ಲಿ ಇಬ್ಬರು ಪರ್ವತಾರೋಹಿಗಳಿಗೆ ತುಪುಂಗಾತೋ ಪರ್ವತದ ಹಿಮನದಿಯಲ್ಲಿ ಅದರ ಚೂರುಗಳು ಸಿಕ್ಕವು. ಸಾಂಟಿಯಾಗೋ ಅಲ್ಲಿಂದ ಇನ್ನೂ ಸುಮಾರು 80 ಕಿ.ಮೀ.! ಈಗ ಹೆಚ್ಚಿನವರು ಒಪ್ಪುವ ವಿವರಣೆ ಇಷ್ಟೇ: ಅಷ್ಟೆತ್ತರದಲ್ಲಿ ಜೆಟ್ ಸ್ಟ್ರೀಮ್ ಎದುರಿಗೆ ಬೀಸುತ್ತಿತ್ತು, ಆಗಿನ ಪೈಲಟ್‌ಗಳಿಗೆ ಅದರ ಅರಿವು ಕಡಿಮೆ. ಕೆಳಗೆ ಬರೀ ಮೋಡ. ವೇಗವನ್ನು ಸಮಯದಿಂದ ಗುಣಿಸಿದರೆ ಪರ್ವತ ದಾಟಿಯಾಗಿತ್ತು. ಲೆಕ್ಕ ನಂಬಿ ಇಳಿದರು, ಪರ್ವತದೊಳಕ್ಕೇ.

ಪಾಠ ಕಲಿತರಾ? 1972ರ ಅಕ್ಟೋಬರ್ 13ರಂದು ಉರುಗ್ವೆಯ ರಗ್ಬಿ ತಂಡದ ವಿಮಾನ ಮೆಂಡೋಸಾದಿಂದ ಸಾಂಟಿಯಾಗೋಗೆ ಹೊರಟಿತು. ನೇರ ದಾಟುವಷ್ಟು ಎತ್ತರಕ್ಕೆ ಏರಲಾಗದೆ ದಕ್ಷಿಣದ ಪ್ಲಾಂಚೋನ್ ಕಣಿವೆಗೆ ಸುತ್ತು ಹೊಡೆದರು. ಅಲ್ಲಿಂದ ಚಿಲಿಯ ಕುರಿಕೋಗೆ 11 ನಿಮಿಷ ಬೇಕು. ಮೂರೇ ನಿಮಿಷಕ್ಕೆ 'ಕುರಿಕೋ ಬಂತು' ಅಂತ ರೇಡಿಯೋದಲ್ಲಿ ಹೇಳಿ ಉತ್ತರಕ್ಕೆ ತಿರುಗಿದರು. ಮತ್ತೆ ಕೆಳಗೆ ಮೋಡ, ಎದುರು ಗಾಳಿ. 45 ಜನರಲ್ಲಿ 72 ದಿನಗಳ ನಂತರ ಉಳಿದವರು 16. ಅವರು ಏನು ತಿಂದು ಬದುಕಿದರು ಅನ್ನೋದನ್ನೇ ಎಲ್ಲರೂ ಬರೀತಾರೆ. ಆ ಎಂಟು ನಿಮಿಷದ ಬಗ್ಗೆ ಬರೆಯೋರು ಕಡಿಮೆ.

ಸ್ಟಾರ್ ಡಸ್ಟ್‌ನ ಕ್ಯಾಪ್ಟನ್ ರೆಜಿನಾಲ್ಡ್ ಕುಕ್‌ನ ತಪ್ಪಿಲ್ಲ ಅಂತ ಅರ್ಜೆಂಟೀನಾದ ವಾಯುಪಡೆಯ ತನಿಖೆ 2000ದಲ್ಲಿ ಹೇಳಿತು. ಸತ್ತು 53 ವರ್ಷಕ್ಕೆ. ಅದೇ ವರ್ಷ ಹಿಮನದಿಗೆ ಹೋದ ಸೇನೆಯ ತಂಡಕ್ಕೆ ಎಂಜಿನ್, ಚಕ್ರ ಎಲ್ಲ ಸಿಕ್ಕವು. ಒಂದು ಟೈರಿನಲ್ಲಿ ಇನ್ನೂ ಗಾಳಿ ಇತ್ತಂತೆ.