ಹಾರಲಾರದ ಸಗಣಿಜೀರುಂಡೆ: ಒಂದು ವಿಚಾರದ ಇತಿಹಾಸ

ಸಗಣಿಜೀರುಂಡೆಯ ಆಹಾರವು ಎಲ್ಲೆಡೆಯೂ ಸದಾಕಾಲವೂ ದೊರೆಯತಕ್ಕುದಲ್ಲ. ಅದು ಅಲ್ಲಲ್ಲಿ ಚದುರಿ ಬಿದ್ದಿರುತ್ತದೆ, ಬೇಗನೆ ಒಣಗುತ್ತದೆ, ಅದಕ್ಕಾಗಿ ಪೈಪೋಟಿಯೂ ಹೆಚ್ಚು. ಆದುದರಿಂದ ವಾಸನೆಯನ್ನು ಹಿಡಿದು ಹಾರಿ ಬರುವ ಶಕ್ತಿಯೇ ಈ ಕೀಟಕ್ಕೆ ಜೀವನಾಧಾರವೆಂದು ತೋರುವುದು ಸಹಜ. ಹೀಗಿದ್ದರೂ ಹಾರಲಾರದ ಸಗಣಿಜೀರುಂಡೆಗಳುಂಟು. ಇವುಗಳ ಉತ್ಪತ್ತಿಯ ಪ್ರಶ್ನೆಯನ್ನು ವಿದ್ವಾಂಸರು ಯಾವ ಕ್ರಮದಲ್ಲಿ ವಿಚಾರಿಸಿದರೆಂಬುದನ್ನು ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ.

ಪ್ರಶ್ನೆಯು ಮೊದಲು ಎದ್ದುದು ಸಗಣಿಜೀರುಂಡೆಗಳಿಂದಲ್ಲ. ವೊಲಾಸ್ಟನ್ ಎಂಬ ಆಂಗ್ಲ ಕೀಟಶಾಸ್ತ್ರಜ್ಞನು ಮಡೀರ ದ್ವೀಪಗಳ ಕೀಟಗಳನ್ನು ಕುರಿತು 1854ರಲ್ಲಿ ಒಂದು ಬೃಹದ್ಗ್ರಂಥವನ್ನು ಪ್ರಕಟಿಸಿದನು. ಅವನ ಶೋಧನೆಗಳನ್ನು ಆಧರಿಸಿ ಡಾರ್ವಿನ್ 1859ರಲ್ಲಿ, ಅಲ್ಲಿನ 550 ಜೀರುಂಡೆ ಪ್ರಭೇದಗಳಲ್ಲಿ 200 ಹಾರಲಾರವೆಂದು ತಿಳಿಸಿದನು. ಹಾರುವ ಕೀಟಗಳನ್ನು ಗಾಳಿಯು ಕಡಲಿಗೆ ಒಯ್ಯುತ್ತದೆ. ರೆಕ್ಕೆ ಕುಗ್ಗಿದವು ನೆಲದಲ್ಲಿ ಉಳಿದು ಸಂತಾನವನ್ನು ಬೆಳೆಸುತ್ತವೆ. ಇದು ಅವನ ಸಮಾಧಾನ.

ಈ ಸಮಾಧಾನವು ಬಹುಕಾಲ ಮಾನ್ಯವಾಗಿತ್ತು. ಆದರೆ ಕಡಲಿಗೆ ದೂರವಾದ ಪರ್ವತಗಳಲ್ಲಿಯೂ ಹಾರಲಾರದ ಜೀರುಂಡೆಗಳು ಹೇರಳವಾಗಿರಲು ಕಾರಣವೇನು? 1943ರಲ್ಲಿ ಅಮೆರಿಕದ ಡಾರ್ಲಿಂಗ್ಟನ್ ನೆಲದ ಮೇಲೆ ಬೇಟೆಯಾಡುವ ಜೀರುಂಡೆಗಳ ಕುಟುಂಬವೊಂದನ್ನು ಪರಿಶೀಲಿಸಿ ಬೇರೊಂದು ಉತ್ತರವನ್ನು ಮುಂದಿಟ್ಟನು. ವಿಶಾಲವೂ ಅಸ್ಥಿರವೂ ಆದ ಪ್ರದೇಶದಲ್ಲಿ ವಿರಳವಾಗಿ ಹರಡಿರುವ ಕೀಟಕ್ಕೆ, ಹಳೆಯ ನೆಲೆ ಅಳಿದಾಗ ಹೊಸ ನೆಲೆಯನ್ನು ಅರಸಲು ರೆಕ್ಕೆ ಅಗತ್ಯ. ಚಿಕ್ಕದೂ ಸ್ಥಿರವೂ ಆದ ನೆಲೆಯಲ್ಲಿ ಆ ಅಗತ್ಯವಿಲ್ಲ; ಅಲ್ಲಿ ರೆಕ್ಕೆಯ ಹೊರೆಯನ್ನು ಕಳೆದುಕೊಂಡ ಜೀವಿಗೆ ನಷ್ಟವಿಲ್ಲ.

ಸಗಣಿಜೀರುಂಡೆಗಳಲ್ಲಿ ಈ ವಿಚಾರಕ್ಕೆ ಎರಡು ಬಗೆಯ ನಿದರ್ಶನಗಳಿವೆ. ನೈಋತ್ಯ ಆಫ್ರಿಕದ ಮರಳುಗಾಡಿನ ಪ್ಯಾಕಿಸೋಮ ಜಾತಿಯವು ಹಾರದೆ ಒಣಹಿಕ್ಕೆಯನ್ನು ಎಳೆದೊಯ್ಯುತ್ತವೆ. ಇಂತಹ ಶುಷ್ಕ ಪ್ರದೇಶದಲ್ಲಿ ಮುಚ್ಚಿದ ಮೇಲ್ರೆಕ್ಕೆಗಳು ದೇಹದ ತೇವವನ್ನು ಕಾಯುತ್ತವೆಂದು ಹೇಳುವುದುಂಟು. ಮಳೆಕಾಡಿಗೆ ಈ ಕಾರಣವು ಸಲ್ಲದು. ಆಸ್ಟ್ರೇಲಿಯದ ಈಶಾನ್ಯ ಕ್ವೀನ್ಸ್‌ಲೆಂಡಿನ ಪರ್ವತಾರಣ್ಯಗಳಲ್ಲಿ ಟೆಮ್ನೊಪ್ಲೆಕ್ಟ್ರಾನ್ ಎಂಬ ಜಾತಿಯಿದೆ. ಇದರಲ್ಲಿ ಹಾರುವ ಪ್ರಭೇದಗಳೂ ಇವೆ, ಹಾರದವೂ ಇವೆ. ಹಾರದವುಗಳ ವ್ಯಾಪ್ತಿ ಕಿರಿದು. ರೀಡ್ ಮತ್ತು ಸ್ಟೋರಿ ಎಂಬವರು 2000ದಲ್ಲಿ ಈ ಜಾತಿಯನ್ನು ಸಮಗ್ರವಾಗಿ ಪರಿಷ್ಕರಿಸಿದರು. ತಂಪಾದ ಎತ್ತರದ ಕಾಡು ಸುತ್ತಲಿನ ತಗ್ಗುನೆಲದ ನಡುವೆ ಒಂದು ದ್ವೀಪವಿದ್ದಂತೆ. ಆದರೆ ಕೀಟವನ್ನು ಕಡಲಿಗೆ ಒಯ್ಯುವ ಗಾಳಿ ಅಲ್ಲಿಲ್ಲ. ಆದುದರಿಂದ ಇಂತಹ ಕಾಡಿನ ಸಾಕ್ಷ್ಯವು ಡಾರ್ಲಿಂಗ್ಟನ್ನನ ವಾದಕ್ಕೆ ಹೆಚ್ಚು ಅನುಕೂಲವಾಗಿದೆ.

ಇಂತಹ ಪ್ರಭೇದವೊಂದನ್ನು ಹೊಸದಾಗಿ ವರ್ಣಿಸುವುದು ಕೇವಲ ಹೆಸರಿಡುವ ಕಾರ್ಯವಲ್ಲ. 1999ರ ಬಳಿಕ ಪ್ರಕಟವಾದ ಹೊಸ ಪ್ರಭೇದಕ್ಕೆ ಆಧಾರಮಾದರಿಯನ್ನು ಸ್ಪಷ್ಟವಾಗಿ ನಿರ್ದೇಶಿಸಲೇಬೇಕೆಂದು ಅಂತರರಾಷ್ಟ್ರೀಯ ಪ್ರಾಣಿನಾಮಕರಣ ಸಂಹಿತೆಯು ವಿಧಿಸುತ್ತದೆ. ಅದರೊಡನೆ ಗಂಡಿನ ಜನನಾಂಗದ ಆಕಾರವನ್ನು ಪರೀಕ್ಷಿಸಿ, ಸಮೀಪದ ಪ್ರಭೇದಗಳ ಮಾದರಿಗಳೊಡನೆ ಹೋಲಿಸಬೇಕು. ರೆಕ್ಕೆಯ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಹೊರಗಿನ ಗಟ್ಟಿ ಮೇಲ್ರೆಕ್ಕೆಗಳು ಹಾರುವ ಹುಳುವಿನಲ್ಲಿಯೂ ಹಾರದ ಹುಳುವಿನಲ್ಲಿಯೂ ಇರುತ್ತವೆ. ಹೆಗಲು ಇಳಿಜಾರಾಗಿರುವುದು ಒಂದು ಸೂಚನೆ ಮಾತ್ರ. ಮೇಲ್ರೆಕ್ಕೆಯನ್ನು ಎತ್ತಿ, ಒಳಗಿನ ಪೊರೆರೆಕ್ಕೆ ಪೂರ್ಣವೋ ಮೊಟಕೋ ಎಂದು ಕಾಣದೆ ನಿರ್ಣಯಿಸಲಾಗದು.

ಭಾರತದ ಸಗಣಿಜೀರುಂಡೆಗಳ ಅಭ್ಯಾಸಕ್ಕೆ ಆರೋ 1931ರಲ್ಲಿ ರಚಿಸಿದ ಸಂಪುಟವು ಇಂದಿಗೂ ಆರಂಭಸ್ಥಾನ. ನಮ್ಮ ಸಹ್ಯಾದ್ರಿಯ ಶೋಲಾ ಕಾಡುಗಳೂ ಹುಲ್ಲುಗಾವಲಿನ ನಡುವಣ ದ್ವೀಪಗಳೇ ಆಗಿವೆ. ಅಲ್ಲಿಂದ ತಂದ ಪ್ರತಿಯೊಂದು ಮಾದರಿಯಲ್ಲಿಯೂ ಒಳರೆಕ್ಕೆಯನ್ನು ಪರೀಕ್ಷಿಸುವ ಅಭ್ಯಾಸವನ್ನು ವಿದ್ಯಾರ್ಥಿಗಳು ಬೆಳೆಸಿಕೊಳ್ಳುವುದು ಉಚಿತ. ಹಾರುವ ಹುಳುವು ಕಾಡು ಕಡಿದರೆ ಇನ್ನೊಂದು ಕಾಡಿಗೆ ಹೋಗಬಹುದು. ಹಾರದ ಹುಳುವಿಗೆ ಆ ದಾರಿಯಿಲ್ಲ. ತಾಪ ಏರಿದಂತೆ ಅದು ಶಿಖರದತ್ತ ತೆವಳಬಹುದು, ಶಿಖರದಿಂದಾಚೆಗೆ ನೆಲೆಯಿಲ್ಲ. ಸ್ಥಿರವಾದ ನೆಲೆಯನ್ನು ನಂಬಿ ರೆಕ್ಕೆಯನ್ನು ತೊರೆದ ಜೀವಿಗೆ ಆ ಸ್ಥಿರತೆ ತಪ್ಪಿದರೆ ಬೇರೆ ಗತಿಯಿಲ್ಲ. ಆದುದರಿಂದ ಅದರ ವರ್ಣನೆಯು ಅದರ ಅಳಿವಿಗೆ ಮುಂಚೆಯೇ ನಡೆಯತಕ್ಕ ಕಾರ್ಯವಾಗಿದೆ.